ರುಚಿ ನೋಡದೆ ಮಾಡಿದ ಆಮ್ಲೆಟ್

ಸೊಗಡಿನ ಅವರೆಕಾಯಿ ಬಿಡಿಸಿದರೆ ಬೆರಳಿಗೆ ಎಣ್ಣೆಯಂಥ ಅಂಟು ಹತ್ತುತ್ತದೆ. ತೊಳೆದರೂ ವಾಸನೆ ಹೋಗುವುದಿಲ್ಲ. ಮೊನ್ನೆ ಹಾಸನದ ಈ ಮನೆಯಲ್ಲಿ ಸೊಸೆಯ ಜೊತೆ ಕಾಯಿ ಬಿಡಿಸಿ ಎದ್ದವಳು ಸುಮ್ಮನೆ ಬೆರಳು ಮೂಸಿದೆ. ಹೊಳೆನರಸೀಪುರದ ಪಕ್ಕದ ಮನೆಯ ಅಕ್ಕ ನೆನಪಾದರು...

ಅವು ಎರಡನೇ ಮಹಾಯುದ್ಧದ ವರ್ಷಗಳು. ನಾನು ಅರಕಲಗೂಡು ಕಡೆಯ ಒಕ್ಕಲು ಮನೆಯಿಂದ ಮದುವೆಯಾಗಿ ಆ ಊರಿಗೆ ಬಂದಿದ್ದೆ. ಪಕ್ಕದವರು ಲಿಂಗಾಯತರು, ಬಟ್ಟೆ ವ್ಯಾಪಾರದವರು. ಹಿತ್ತಿಲ ಗೋಡೆಯ ಈಚೆ ನಮ್ಮ ಕೋಳಿಗೂಡು, ಆಚೆ ಅವರ ಬಿಲ್ವಪತ್ರೆ ಮರ.

ಅಕ್ಕನ ಯಜಮಾನರಿಗೆ ಕ್ಷಯ, ಎದೆಯ ಕಾಯಿಲೆ ಬಂತು. ಹಾಲಿನಲ್ಲಿ ಹಸಿ ಮೊಟ್ಟೆ ಕದಡಿ ಕೊಡಿ, ಇಲ್ಲದಿದ್ದರೆ ಜೀವ ನಿಲ್ಲುವುದು ಕಷ್ಟ ಎಂದರು ಡಾಕ್ಟರು. ಕುಡಿದದ್ದೆಲ್ಲ ವಾಂತಿಯಾಯಿತು. ಆ ವಾಸನೆಯೇ ಅವರಿಗೆ ಆಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಗೋಡೆಯ ಹತ್ತಿರ ಬಂದು ನಿಂತರು.

"ನಿಮ್ಮ ಮನೇಲಿ ಅದೇನೋ ಆಮ್ಲೆಟ್ ಮಾಡ್ತೀಯಲ್ಲ ಕಣಮ್ಮಿ, ನಂಗೂ ಹೇಳ್ಕೊಡು. ಒಳಗೆ ಹಿತಕಿದ ಬೇಳೆ ತುಂಬ್ತೀನಿ. ಸೊಗಡಿನ ಮುಂದೆ ಇನ್ಯಾವ ವಾಸ್ನೆ ನಿಂತಾತು?"

"ನಿಮ್ಮತ್ತೆ?"

"ನನ್ ಮಗ ಬದುಕ್ಲಿ, ಆದ್ರೆ ನಮ್ಮ ಒಲೆ ಮಾತ್ರ ಬ್ಯಾಡ ಅಂದವ್ರೆ."

ಹಾಗಾಗಿ ನಮ್ಮ ಒಲೆಯ ಮುಂದೆ ಬಂದು ಕೂತರು. ನೆನೆಸಿ ಸಿಪ್ಪೆ ಹಿತಕಿದ ಅವರೆಬೇಳೆಯನ್ನು ಮನೆಯಲ್ಲೇ ಬೇಯಿಸಿ, ಈರುಳ್ಳಿ, ಹಸಿಮೆಣಸಿನಕಾಯಿ, ಕಾಯಿತುರಿ, ಕೊತ್ತಂಬರಿ ಹಾಕಿ ಪಲ್ಯ ಮಾಡಿ ತಂದಿದ್ದರು. ಮೊಟ್ಟೆಯನ್ನು ಮಾತ್ರ ಸೆರಗಿನ ತುದಿಯಲ್ಲಿ ಹಿಡಿದು, ಮುಖ ಆಚೆ ತಿರುಗಿಸಿ ಒಡೆದರು. ಬಾಣಲೆಯಲ್ಲಿ ಹರಡಿದ್ದು ಪೂರಾ ಬೆಂದ ಮೇಲೆ ನಡುವೆ ಪಲ್ಯ ಇಟ್ಟು ಮಡಚಿ, ಅಂಚನ್ನು ಕರ್ಜಿಕಾಯಿಯಂತೆ ಒತ್ತಿ ಒತ್ತಿ ಹೆಣೆಯಲು ಹೋದರು. ಎಲ್ಲ ಹರಿದು ಬೇಳೆ ಹೊರಗೆ ಚೆಲ್ಲಿತು.

"ಅಯ್ಯೋ ಅಕ್ಕ, ಗೌರಿ ಹಬ್ಬಕ್ಕೆ ಮಾಡ್ತಿದೀರಾ?" ಎಂದು ನಕ್ಕೆ.

"ನಗ್ಬ್ಯಾಡ ಕಣೇ, ನಂಗೆ ಗೊತ್ತಿರೋದು ಅದೇ" ಎಂದು ಅವರೂ ನಕ್ಕರು. ಕಣ್ಣಲ್ಲಿ ನೀರಿತ್ತು.

ಮೇಲಿನ ಹಸಿ ಆರುವ ಮೊದಲೇ, ಸಣ್ಣ ಉರಿಯಲ್ಲಿ ಮಡಚಿದರೆ ಅದೇ ಅಂಟಿಕೊಳ್ಳುತ್ತದೆ ಎಂದು ತೋರಿಸಿಕೊಟ್ಟೆ. ಒಂದು ಚೂರು ಬಾಯಿಗೆ ಹಾಕಿಕೊಂಡು ಉಪ್ಪು ನೋಡಿ ಎಂದರೆ ಬೇಡವೆಂದು ತಲೆಯಾಡಿಸಿದರು.

"ದೇವ್ರ ಎಡೆ ಅಡುಗೇನ ಯಾರಾದ್ರೂ ರುಚಿ ನೋಡ್ತಾರೇನಮ್ಮಿ? ಅಂಗೇ ಇದೂ."

ಯಜಮಾನರು ನಮ್ಮ ಹಿಂದಿನ ಜಗಲಿಯಲ್ಲಿ ಕಣ್ಣು ಮುಚ್ಚಿಕೊಂಡು ತಿಂದರು. ಅಕ್ಕ ಕಂಬ ಹಿಡಿದು ನಿಂತಿದ್ದರು. ವಾಂತಿಯಾಗಲಿಲ್ಲ.

ಆ ಚಳಿಗಾಲವೆಲ್ಲ ಅಕ್ಕ ಬೆಳಗಾದರೆ ಬರುತ್ತಿದ್ದರು. ಅವರ ಆಮ್ಲೆಟ್ ಉಬ್ಬಿ, ಹೊನ್ನಿನ ಬಣ್ಣಕ್ಕೆ ತಿರುಗಿ, ಮುರಿದರೆ ಒಳಗಿಂದ ಹಸಿರು ಬೇಳೆ ಹಬೆಯಾಡುತ್ತಿತ್ತು. ಕಲಿಸಿದ ನನಗೇ ಹಾಗೆ ಬರುತ್ತಿರಲಿಲ್ಲ. ಅವರ ಯಜಮಾನರು ನಿಧಾನವಾಗಿ ಎದ್ದು ಓಡಾಡಿದರು, ಅಂಗಡಿಗೂ ಹೋದರು. ಆದರೆ ಅಷ್ಟರಲ್ಲಿ ಅಕ್ಕನ ಕೆಮ್ಮು ಗೋಡೆಯ ಈಚೆಗೂ ಕೇಳಿಸತೊಡಗಿತ್ತು...

ಮುಂದಿನ ಅವರೆಕಾಲಕ್ಕೆ ಗೋಡೆಯ ಹತ್ತಿರ ಬಂದು ನಿಂತವರು ಅವರ ಅತ್ತೆ. "ಅವ್ಳಿಗೂ ಅದನ್ನೇ ಮಾಡ್ಕೊಡವ್ವ. ಬೇಕಾದ್ರೆ ನಮ್ಮ ಒಲೇಲೇ ಮಾಡು" ಎಂದರು. ಆ ಮಾತು ಹೇಳಲು ಆ ಮುದುಕಿ ಎಷ್ಟು ದೂರ ನಡೆದು ಬಂದಿದ್ದರೋ.

ಅವರ ಒಲೆಯಲ್ಲೇ ಮಾಡಿದೆ. ಅಕ್ಕ ಗೋಡೆಗೆ ಒರಗಿ ಕೂತು ತಟ್ಟೆಯನ್ನು ತುಂಬಾ ಹೊತ್ತು ನೋಡಿದರು. ಅಂಚನ್ನು ಬೆರಳಿನಿಂದ ಮುಟ್ಟಿ, "ಬಿಟ್ಕೊಂಡೈತೆ ನೋಡು, ಗುರುವೇ" ಎಂದು ಚುಡಾಯಿಸಿದರು. ಆಮೇಲೆ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡರು. ನಿಧಾನವಾಗಿ ಅಗಿದರು.

"ನಾನು ಮಾಡ್ತಿದ್ದದ್ದೂ ಇಂಗೇ ಇತ್ತೇನಮ್ಮಿ?"

"ಇದಕ್ಕಿಂತ ಚೆನ್ನಾಗಿತ್ತು ಅಕ್ಕ."

"ಅಂಗಾರೆ ಅವ್ರು ಇಷ್ಟಪಟ್ಟೇ ತಿಂದಿರ್ತಾರೆ ಬಿಡು" ಎಂದು ಕಣ್ಣು ಮುಚ್ಚಿದರು. ಇನ್ನೊಂದು ಚೂರು ಇಳಿಯಲಿಲ್ಲ. ಆ ಅವರೆಕಾಲ ಮುಗಿಯುವ ಮೊದಲೇ ಅಕ್ಕ ಹೋದರು.

ಮೊನ್ನೆ ರಾತ್ರಿ ಮಕ್ಕಳಿಗೆಂದು ಅದನ್ನೇ ಮಾಡಿದೆ. "ಉಪ್ಪು ನೋಡಿದ್ರಾ ಅತ್ತೆ?" ಎಂದು ಸೊಸೆ ಕೇಳಿದಳು. ಇಲ್ಲ ಎಂದೆ. ಇದೊಂದು ಅಡುಗೆಯನ್ನು ನಾನು ಇಂದಿಗೂ ರುಚಿ ನೋಡುವುದಿಲ್ಲ. ಅಂಚು ಈ ಸಲವೂ ಬಿಟ್ಟುಕೊಂಡಿತ್ತು... ಚುಡಾಯಿಸುವವರು ಇರಲಿಲ್ಲ.