ಯೂಜಿನ್ ಮಾಡಿಟ್ಟ ಪುಟ

ಜೆಸ್ವಿಟಾಳ ಕೆಲಸ ಏನೆಂದು ಅವಳ ಅತ್ತೆ ರೊಸಲಿನ್‌ಗೆ ತಿಳಿಹೇಳಲು ಯಾರಿಂದಲೂ ಆಗಿಲ್ಲ. ಪೂರ್ವ ಆಫ್ರಿಕಾದಲ್ಲಿ, ಎಂಬಕಸಿಯ ಒಂದು ಗೋದಾಮಿನ ಮಹಡಿಯಲ್ಲಿ ಕುಳಿತು, ಆನ್‌ಲೈನ್ ವೈನ್ ಅಂಗಡಿಯೊಂದರ ಯಾವ ಬಾಟಲಿ ಯಾರ ಕಣ್ಣಿಗೆ ಬೀಳಬೇಕು, ಯಾರ ಕಣ್ಣಿಗೆ ಬೀಳಬಾರದು ಎಂಬುದನ್ನು ಅವಳು ನೋಡಿಕೊಳ್ಳುತ್ತಾಳೆ. ಹೆಚ್ಚಿನ ವೈನ್‌ಗಳು ಎಲ್ಲರಿಗೂ ಕಾಣುತ್ತವೆ. ಕೆಲವು ಗಿಗಿರಿ ಬಡಾವಣೆಯ ಹೋಟೆಲುಗಳಿಗೆ ಮಾತ್ರ. ಇಗರ್ಜಿಯ ಬಲಿಪೂಜೆಗೆ ಬಳಸುವ ವೈನ್ ಪಾದ್ರಿಗಳ ಖಾತೆಗೆ ಮಾತ್ರ. ಹಡಗಿನಲ್ಲಿ ಇನ್ನೂ ದಾರಿಯಲ್ಲಿರುವ ಸರಕು ಯಾರಿಗೂ ಕಾಣಬಾರದು. ಬಾಟಲಿಗೊಂದು ಪುಟ, ಪುಟವನ್ನು ತೆರೆಯಲು, ಮರೆಮಾಡಲು ಒಂದು ಗುಂಡಿ. ದೊಡ್ಡ ವಿದ್ಯೆಯಲ್ಲ, ಆದರೆ ಗಮನ ಬೇಕು.

ಈ ಕೆಲಸ ಮೊದಲು ಅವಳ ಗಂಡ ಯೂಜಿನ್‌ನದಾಗಿತ್ತು. ಎರಡು ವರ್ಷದ ಹಿಂದೆ, ವಿಮಾನ ನಿಲ್ದಾಣದ ರಸ್ತೆಯಲ್ಲಿ ಒಂದು ಲಾರಿ ಅವನ ಕಾರಿನ ಮೇಲೆ ಮಗುಚಿತು. ಅಂಗಡಿಯ ಮಾಲೀಕರು ಮೈಸೂರಿನ ಲಕ್ಷ್ಮೀಕಾಂತ; ಹಣೆಯಲ್ಲಿ ನಾಮ, ನಾಲಿಗೆಗೆ ಒಂದು ತೊಟ್ಟು ವೈನ್ ಸೋಕಿಸಿದವರಲ್ಲ. ಅವರು ಗಂಡನ ಕುರ್ಚಿಯನ್ನು ಹೆಂಡತಿಗೆ ಕೊಟ್ಟರು. ದಯೆಯೂ ಇತ್ತು, ಅನುಕೂಲವೂ ಇತ್ತು: ಅಂಗಡಿಯ ಕಂಪ್ಯೂಟರಿನೊಳಗೆ ಹೋಗಲು ಬೇಕಾದ ಒಟಿಪಿ ಯೂಜಿನ್‌ನ ನಂಬರಿಗೇ ಬರುತ್ತಿತ್ತು, ಆ ಫೋನ್ ಅವಳ ಬಳಿ ಇತ್ತು. ನಂಬರು ಬದಲಿಸುವ ಮಾತು ಬಂದಾಗಲೆಲ್ಲ ಇಬ್ಬರೂ ನಾಳೆಗೆ ಹಾಕಿದರು. ಹೀಗೆ, ಸತ್ತವನ ಫೋನು ಪ್ರತಿದಿನ ಬೆಳಿಗ್ಗೆ ಒಮ್ಮೆ ಸದ್ದು ಮಾಡುತ್ತಿತ್ತು. ಅವಳು ಅದರಲ್ಲಿನ ಅಂಕಿಗಳನ್ನು ಒತ್ತಿ ಕೆಲಸಕ್ಕೆ ಕೂರುತ್ತಿದ್ದಳು.

ಯೂಜಿನ್ ಒಂದು ಮಾದರಿ ಪುಟ ಮಾಡಿಟ್ಟಿದ್ದ. ಅದಕ್ಕೆ ಬಳಸಿದ್ದು ಕ್ರಿಸ್‌ಮಸ್ಸಿಗೆಂದು ತಾನೇ ಮನೆಯಲ್ಲಿ ಮಾಡಿದ ದ್ರಾಕ್ಷಿ ವೈನನ್ನು. ಚಿತ್ರದಲ್ಲಿ ಅವರ ಊಟದ ಮೇಜಿನ ಹೂವಿನ ಪ್ಲಾಸ್ಟಿಕ್ ಹಾಸು, ಬಾಟಲಿ, ಅದರ ಕುತ್ತಿಗೆ ಹಿಡಿದ ಅವನ ಹೆಬ್ಬೆರಳು. ಯಾರಿಗೂ ಕಾಣದಂತೆ ಅದನ್ನು ಮರೆಮಾಡಿದ್ದ. ಹೊಸ ವೈನ್ ಬಂದಾಗ ಈ ಪುಟವನ್ನೇ ನಕಲು ಮಾಡಿ ಹೆಸರು, ಚಿತ್ರ, ಬೆಲೆ ಬದಲಿಸಿದರೆ ಆಯಿತು. ಜೆಸ್ವಿಟಾ ಕೂಡ ಹಾಗೇ ಮಾಡುತ್ತಿದ್ದಳು; ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕಿದಂತೆ. ಬಾಟಲಿಯೂ ಗೋದಾಮಿನ ಮೇಲಿನ ಕಪಾಟಿನಲ್ಲಿ ಹಾಗೇ ಇತ್ತು. ಅವನ ಕೈಯಿಂದಾದದ್ದರಲ್ಲಿ ಉಳಿದದ್ದು ಅದೊಂದೇ. ಅದನ್ನು ಅವಳು ಮುಟ್ಟುತ್ತಿರಲಿಲ್ಲ, ಬೇರೆಯವರು ಮುಟ್ಟಲು ಬಿಡುತ್ತಲೂ ಇರಲಿಲ್ಲ.

ಕಳೆದ ಮಳೆಗಾಲದಲ್ಲಿ ಆ ಪುಟ ತಾನಾಗಿ ಕಾಣಿಸಿಕೊಳ್ಳತೊಡಗಿತು.

ಮೊದಲು ನೋಡಿದವಳು ಕೆಳಗೆ ಬಾಟಲಿ ಕಟ್ಟುವ ನೆಕೇಸಾ. ಅಲ್ಲಿಯವರು ಜೆಸ್ವಿಟಾಳನ್ನು ಮಗನ ಹೆಸರು ಹಿಡಿದು ಕರೆಯುತ್ತಾರೆ; ಅವರ ಮಾತಿನಲ್ಲಿ ಮಾಮಾ ಎಂದರೆ ಅಮ್ಮ.

"ಮಾಮಾ ಜಾಯ್ಸನ್, ನಿಮ್ಮ ಯಜಮಾನರು ಅಂಗಡಿಗೆ ಬಂದಿದ್ದಾರೆ," ಎಂದು ಮೊಬೈಲು ತೋರಿಸಿದಳು. ಪರದೆಯ ಮೇಲೆ ಚಿಲಿ ದೇಶದ ಎರಡು ವೈನ್‌ಗಳ ನಡುವೆ ಯೂಜಿನ್‌ನ ಹೆಬ್ಬೆರಳು.

ಜೆಸ್ವಿಟಾ ಮೇಲೆ ಹೋಗಿ ಪುಟವನ್ನು ಮರೆಮಾಡಿದಳು. ಕೆಲವು ದಿನ ಕಳೆದ ಮೇಲೆ ಅದು ಮತ್ತೆ ಬಂತು. ಮರೆಮಾಡಿದಳು. ಮತ್ತೆ ಬಂತು. ಅವಳಲ್ಲದೆ ಯಾರಿಗೂ ಆ ಕಂಪ್ಯೂಟರಿನೊಳಗೆ ಪ್ರವೇಶವಿರಲಿಲ್ಲ. ಒಟಿಪಿ ಬರುವ ಫೋನು ಅವಳ ಚೀಲದಲ್ಲೇ ಇತ್ತು. ನೆಕೇಸಾ ಮೇಲಿನ ಕಪಾಟಿನ ಸಾಲಿಗೆ ಒಬ್ಬಳೇ ಹೋಗುವುದನ್ನು ಬಿಟ್ಟಳು. ಜೆಸ್ವಿಟಾ ಹಗಲಲ್ಲೂ ಬಾಗಿಲಿಗೆ ಬೆನ್ನು ಹಾಕದಂತೆ ಮೇಜು ತಿರುಗಿಸಿಕೊಂಡಳು. ಬೆಳಕಿಗಾಗಿ ಎಂದು ಅವರ ನೆರೆಮನೆಯಲ್ಲಿರುವ ನನಗೆ ಹೇಳಿದಳು. ಆ ಕೋಣೆಗೆ ಇರುವುದು ಒಂದೇ ಕಿಟಕಿ. ಬೆಳಕು ಈಗ ಅವಳ ಕಣ್ಣಿಗೇ ಹೊಡೆಯುತ್ತಿತ್ತು.

ಅತ್ತೆ ರೊಸಲಿನ್‌ಗೆ ಸಂಶಯವೇ ಇರಲಿಲ್ಲ. "ಆತ್ಮಕ್ಕೆ ಶಾಂತಿ ಇಲ್ಲದಿದ್ದರೆ ಹೀಗೇ ಮಾರಾಯ್ತಿ. ಇಗರ್ಜಿಯಲ್ಲಿ ಒಂದು ಪೂಜೆ ಇಡಿಸು."

"ಕಂಪ್ಯೂಟರಿಗೆ ಪೂಜೆಯಾ ಮಾಂಯ್?"

"ಕಂಪ್ಯೂಟರಿಗೆ ಎಂತಕ್ಕೆ? ನನ್ನ ಮಗನಿಗೆ."

ಪೂಜೆ ಇಡಿಸಿದರು. ಪಾದ್ರಿ ಯೂಜಿನ್‌ನ ಹೆಸರು ಹೇಳಿದರು. ಮರುದಿನವೇ ಪುಟ ಕಾಣಿಸಿಕೊಂಡಿತು.

ಸುದ್ದಿ ಲಕ್ಷ್ಮೀಕಾಂತರ ಕಿವಿಗೂ ಬಿತ್ತು. ಅವರು ಮೆಟ್ಟಿಲು ಹತ್ತಿ ಬಂದರು.

"ನೋಡಮ್ಮ, ಮನೇಲಿ ಮಾಡಿದ್ದನ್ನ ಅಂಗಡೀಲಿ ಇಟ್ಟಿದೀವಿ ಅಂತ ಯಾರಾದ್ರೂ ದೂರು ಕೊಟ್ರೆ ಲೈಸೆನ್ಸೇ ಹೋಗುತ್ತೆ. ಅಳಿಸಿಬಿಡು."

"ಅಳಿಸ್ತೇನೆ ಸರ್."

"ಬಾಟಲೀನೂ ಮನೆಗೆ ತಗೊಂಡು ಹೋಗು. ಅದು ಕಪಾಟಲ್ಲಿದ್ರೆ ಲೆಕ್ಕದಲ್ಲಿರುತ್ತೆ."

"ಆಯ್ತು ಸರ್."

ಎರಡನ್ನೂ ಮಾಡಲಿಲ್ಲ. ಅವಳಿಗೆ ಆ ಪುಟದ ಹೆದರಿಕೆಯಿತ್ತು. ಅದು ಇಲ್ಲವಾಗುವ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಒಂದು ಶುಕ್ರವಾರ ಅವಳು ಜಾಯ್ಸನ್‌ನ ಶಾಲೆಗೆ ಹೋಗಿ ಮಧ್ಯಾಹ್ನ ಗೋದಾಮಿಗೆ ಬಂದಾಗ ಮೇಲಿನ ಕಪಾಟು ಖಾಲಿಯಿತ್ತು. ಪುಟ ಬೆಳಿಗ್ಗೆ ಮತ್ತೆ ತೆರೆದುಕೊಂಡಿತ್ತು, ರುಂಡಾ ಬಡಾವಣೆಯಿಂದ ಆರ್ಡರ್ ಬಂದಿತ್ತು. ನೆಕೇಸಾ ರಜೆಯಲ್ಲಿದ್ದಳು, ಬದಲಿಗೆ ಬಂದವನಿಗೆ ಅದು ಎಲ್ಲ ಬಾಟಲಿಗಳಂತೆ ಒಂದು ಬಾಟಲಿ. ಕಟ್ಟಿ ಕಳಿಸಿದ್ದ.

ಅವಳು ಟ್ಯಾಕ್ಸಿ ಹಿಡಿದು ಹೋದಳು. ರುಂಡಾದ ಆ ಮನೆಯ ಗೇಟಿನಲ್ಲಿ ಕಾವಲುಗಾರ ಬಹಳ ಹೊತ್ತು ನಿಲ್ಲಿಸಿ ಒಳಗೆ ಬಿಟ್ಟ. ಕೊಂಡವಳು ಅನುರಾಧಾ, ಬೆಂಗಳೂರಿನವಳು. ಗಂಡನಿಗೆ ಗಿಗಿರಿಯಲ್ಲಿ ಕೆಲಸ. ಬಾಟಲಿ ಅಡಿಗೆಮನೆಯ ಕಟ್ಟೆಯ ಮೇಲಿತ್ತು. ತೆರೆದಿತ್ತು.

"ಸದ್ಯ, ನೀವೇ ಬಂದ್ರಲ್ಲ. ಕಂಪ್ಲೇಂಟ್ ಮಾಡೋಣ ಅಂತಿದ್ದೆ," ಎಂದಳು ಅನುರಾಧಾ. "ಹೋಮ್ ಮೇಡ್ ಅಂತ ಆಸೆಯಿಂದ ತರಿಸಿದೆ. ಒಂದು ಸಿಪ್ ಕುಡಿಯೋಕಾಗಲ್ಲ, ಫುಲ್ ವಿನೆಗರ್ ಆಗಿದೆ. ನೀವು ಟೇಸ್ಟ್ ಮಾಡ್ದೇನೇ ಮಾರ್ತೀರಾ?"

"ಕ್ಷಮಿಸಿ. ಮಾರುವುದಕ್ಕೆ ಇಟ್ಟದ್ದಲ್ಲ ಅದು."

"ಮತ್ತೆ ಯಾಕೆ ಆ್ಯಪ್‌ನಲ್ಲಿ ಕಾಣಿಸುತ್ತೆ?"

ಜೆಸ್ವಿಟಾ ಬೆರಳಿಗೆ ಒಂದು ಹನಿ ಹಚ್ಚಿ ನೆಕ್ಕಿದಳು. ಅನುರಾಧಾ ಹೇಳಿದ್ದು ಸರಿಯಾಗಿತ್ತು. ತಾನು ಕಾದಿಟ್ಟುಕೊಂಡು ಬಂದದ್ದು ಯಾವಾಗಲೋ ಹುಳಿಯಾಗಿತ್ತು.

ಬಾಟಲಿ ವಾಪಸು ತಂದು, ಅಂಗಡಿಯ ತಂತ್ರಾಂಶ ನೋಡಿಕೊಳ್ಳುವ ಬೆಂಗಳೂರಿನ ಯೋಗೀಶನಿಗೆ ಫೋನ್ ಮಾಡಿದಳು. ಇದನ್ನು ಮೊದಲೇ ಮಾಡಬೇಕಿತ್ತು. ಕಾರಣವೊಂದು ಸಿಕ್ಕಿಬಿಟ್ಟರೆ ಎಂಬ ಹೆದರಿಕೆಯಿಂದ ಮಾಡಿರಲಿಲ್ಲ.

"ಹೊಸ ಪುಟ ಹೇಗೆ ಮಾಡ್ತೀರ ಮೇಡಂ?"

"ಯೂಜಿನ್ ಮಾಡಿಟ್ಟದ್ದನ್ನೇ ಕಾಪಿ ಮಾಡುವುದು."

"ಅದೇ ನೋಡಿ. ಹೋದ ಮಳೆಗಾಲದ ಅಪ್‌ಡೇಟ್ ಆದ್ಮೇಲೆ ಕಾಪಿ, ಮೂಲ ಎರಡೂ ಒಂದಕ್ಕೊಂದು ಕಟ್ಟಿಕೊಂಡಿರುತ್ವೆ. ಹೊಸದನ್ನ ತೆರೆದ್ರೆ ಮೂಲಾನೂ ತೆರೆಯುತ್ತೆ. ಮೊದ್ಲು ಕಟ್ಟು ಬಿಡಿಸ್ಬೇಕು. ಅದಕ್ಕೊಂದು ಟಿಕ್ ಇದೆ."

"ಹಾಗಾದ್ರೆ ಇಷ್ಟು ದಿನ ಅದನ್ನು ತೆರೆದದ್ದು?"

"ನೀವೇ ಮೇಡಂ. ಪ್ರತಿ ಸಲ."

ಹೊಸ ವೈನ್ ಏರಿಸಿದ ದಿನಗಳನ್ನು ಅವಳು ನೆನಪು ಮಾಡಿಕೊಂಡಳು. ಪೂಜೆಯ ಮರುದಿನ ಇಟಲಿಯದು. ಇವತ್ತು ಬೆಳಿಗ್ಗೆ, ಶಾಲೆಗೆ ಹೊರಡುವ ಮುಂಚೆ ಮನೆಯಿಂದಲೇ ಅಂಗಡಿಯ ಕಂಪ್ಯೂಟರಿನೊಳಗೆ ಹೋಗಿ, ದಕ್ಷಿಣ ಆಫ್ರಿಕಾದ್ದು. ಅವನ ಫೋನಿಗೆ ಬಂದ ಅಂಕಿಗಳನ್ನು ಒತ್ತಿ, ಅವಳ ಕೈಯೇ ಅವನನ್ನು ಕರೆದು ತಂದಿತ್ತು.

"ಈಗ ಅಳಿಸ್ತೇನೆ. ನೀವು ಫೋನಿನಲ್ಲೇ ಇರಿ," ಎಂದು ಅವಳು ಗುಂಡಿ ಒತ್ತಿದಳು. ಪರದೆ ತಡೆಯಿತು. ಸರಕು ಮುಗಿದಿದೆ, ಮತ್ತೆ ಬಂದಾಗ ತಿಳಿಸಿ ಎಂದು ಒಬ್ಬ ಗ್ರಾಹಕರು ಕಾಯುತ್ತಿದ್ದಾರೆ, ಆದರೂ ಅಳಿಸಬೇಕೇ? ಕೆಳಗೆ ಕಾಯುತ್ತಿರುವವರ ಹೆಸರಿತ್ತು: ಯೂಜಿನ್.

ಅವಳು ಅದನ್ನು ಓದಿ ಹೇಳಿದಳು.

"ಪುಟ ಮಾಡಿದಾಗ ಆ 'ಬಂದಾಗ ತಿಳಿಸಿ' ಬಟನ್ ಕೆಲ್ಸ ಮಾಡುತ್ತಾ ಅಂತ ಟೆಸ್ಟ್ ಮಾಡಿರ್ತಾರೆ, ಮೇಡಂ. ಎಲ್ರೂ ಮಾಡ್ತಾರೆ."

"ಹೌದು. ಅವರಿಗೆ ಎಲ್ಲ ಪರೀಕ್ಷೆ ಮಾಡುವ ಅಭ್ಯಾಸ."

ಅವಳು ಅಳಿಸಿದಳು. ಚೀಲದೊಳಗೆ ಯೂಜಿನ್‌ನ ಫೋನು ಸದ್ದು ಮಾಡಿತು. ನೀವು ಕಾಯುತ್ತಿದ್ದ ವಸ್ತು ಇನ್ನು ಮುಂದೆ ನಮ್ಮಲ್ಲಿ ಸಿಗುವುದಿಲ್ಲ ಎಂದು ಅಂಗಡಿ ಅವನಿಗೆ ತಿಳಿಸಿತ್ತು. ಅವಳು ಸಂದೇಶವನ್ನು ಪೂರ್ತಿ ಓದಿ, ಆಮೇಲೆ ಒಟಿಪಿಯ ನಂಬರನ್ನು ತನ್ನದಕ್ಕೆ ಬದಲಿಸಿದಳು.

ಭಾನುವಾರ ಅವಳು ಹಂದಿಮಾಂಸದ ಅಡಿಗೆ ಮಾಡಿದ್ದಳು. ಮಂಗಳೂರಿನ ಕಡೆಯವರು ಅದಕ್ಕೆ ವಿನೆಗರ್ ಹಾಕುತ್ತಾರೆ. ರೊಸಲಿನ್ ಒಂದು ತುತ್ತು ತಿಂದು ತಲೆ ಎತ್ತಿದರು.

"ಈ ಹುಳಿ ಅಂಗಡಿಯದ್ದಲ್ಲ."

"ಅಲ್ಲ ಮಾಂಯ್. ಯೂಜಿನ್ ಮಾಡಿದ್ದು."

ರೊಸಲಿನ್‌ರ ಕೈ ತಟ್ಟೆಯ ಮೇಲೆ ನಿಂತಿತು. ಒಮ್ಮೆ ಬಾಗಿಲ ಕಡೆ ನೋಡಿದರು. ಆಮೇಲೆ ಇನ್ನೂ ಸ್ವಲ್ಪ ಬಡಿಸು ಎಂದರು. ನಾನೂ ಆ ಊಟಕ್ಕಿದ್ದೆ. ಉಪ್ಪು ಕಡಿಮೆಯಿತ್ತು, ಹುಳಿ ಸರಿಯಾಗಿತ್ತು.