ಬಾಯಿ ಬಿಡದ ರಿಲೇ

ಕಾರ್ಖಾನೆಯ ವೈರ್‌ಮನ್‌ನನ್ನು ಎಲ್ಲರೂ ಕರೆಯುವುದು ಅನುಮಾನಣ್ಣ ಎಂದೇ. ಓವನ್ನಿನ ಹೀಟರಿಗೆ ಕರೆಂಟ್ ಬಿಡುವ ಸಾಲಿಡ್ ಸ್ಟೇಟ್ ರಿಲೇಯನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. “ಹಳೇ ರಿಲೇ ಟಕ್ ಅಂತಾದ್ರೂ ಅಂತಿತ್ತು. ಈ ಮುಂಡೇದು ಒಳಗೇ ಸುಟ್ಟುಹೋಗಿ ಕರೆಂಟ್ ಬಿಡ್ತಾನೇ ಇದ್ರೂ ಬಾಯಿ ಬಿಡಲ್ಲ” ಎಂದು ಬೈಯುತ್ತಲೇ ಅದರ ಔಟ್‌ಪುಟ್ಟಿಗೆ ವೈರ್ ಕಟ್ಟುತ್ತಾನೆ. ಅದಕ್ಕೂ ಮೊದಲು ಮೇನ್ ಫ್ಯೂಸ್ ಕಿತ್ತು ಜೇಬಿಗೆ ಇಳಿಸಿರುತ್ತಾನೆ; ಅದು ಜೇಬಿನಲ್ಲೇ ಮನೆಗೆ ಹೋಗಿ ಓವನ್ ತಣ್ಣಗೆ ಕೂತದ್ದೂ ಉಂಟು. “ಅಣ್ಣ ಸ್ವಿಚ್ ಆರಿಸಿದ್ರೂ ನಂಬಲ್ಲ, ಬಲ್ಬ್ ಬಿಚ್ಚಿಟ್ಟೇ ಮಲಗೋದು” ಎಂದು ಹೊಸಬರು ನಗುತ್ತಾರೆ. ಹಳಬರು ನಗುವುದಿಲ್ಲ. “ಮೇನ್ ಆರಿಸ್ಬೇಡ, ಮಿಕ್ಕ ಮಷೀನೂ ನಿಲ್ಲುತ್ತೆ” ಎಂದು ಮಾಲೀಕ ಹಿಂದೊಮ್ಮೆ, ಇಲ್ಲೇ ಕೆಲಸಕ್ಕಿದ್ದ ಇವನ ಒಡಹುಟ್ಟಿದ ತಮ್ಮನಿಗೆ ಇವನೆದುರಿಗೇ ಹೇಳಿದ್ದ. ರಿಲೇಯ ದೀಪ ಆರಿದೆಯಲ್ಲ ಎಂದು ನಂಬಿ ಹೀಟರಿನ ವೈರಿಗೆ ಕೈ ಹಾಕಿದ ಆ ತಮ್ಮ ಅಲ್ಲೇ ಸತ್ತುಬಿದ್ದ. ಅಂದು ಹೆಣದ ಪಕ್ಕದಲ್ಲಿ ನಿಂತು, ಹೆತ್ತ ತಾಯಿಗೂ ಕೇಳಿಸುವಂತೆ, “ಮೇನ್ ಆರಿಸ್ದೆ ಕೈ ಹಾಕಿದ್ದು ಹುಡುಗನದೇ ತಪ್ಪು, ಅಲ್ವೇನಯ್ಯಾ?” ಎಂದು ಮಾಲೀಕ ಕೇಳಿದಾಗ, ಅನುಮಾನಣ್ಣನೂ ಬಾಯಿ ಬಿಡಲಿಲ್ಲ.