ಕೀಲನ್ನು ನಡುವೆ ಇಟ್ಟವನ ಭಾಷಣ

ರತ್ನಾವತಿ ಬಿ. ಗೌಡ ಎಂಬ ನಾನು, ಮೂವತ್ತಮೂರು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನವನ್ನೂ ಕೈಕೆಲಸವನ್ನೂ ಕಲಿಸಿದವಳು, ಇಂದು ಬೆಳಿಗ್ಗೆಯ ಘಟನೆಯೊಂದನ್ನು ಸ್ನೇಹಿತರ ಗಮನಕ್ಕೆ ತರುತ್ತಿದ್ದೇನೆ.

ಸುಳ್ಯದಲ್ಲಿ ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳ ಸಭೆ. ಎಂಬತ್ತರ ದಶಕದ ನನ್ನ ಶಿಷ್ಯ, ಈಗ ಇಂಜಿನಿಯರ್ ಆಗಿರುವ ದಯಾನಂದ ಮೈಕ್ ಹಿಡಿದು, "ನಮ್ಮ ಕಾಲದಲ್ಲಿ ಪ್ರಾಯೋಗಿಕ ಎಂತದ್ದೂ ಇರಲಿಲ್ಲ, ಎಲ್ಲ ಬಾಯಿಪಾಠ" ಎಂದ. ಎದುರು ಸಾಲಿನಲ್ಲಿ ನಾನಿದ್ದುದನ್ನು ಅವನು ಗಮನಿಸಿರಲಿಲ್ಲ.

ಎದ್ದು ನಿಂತೆ. "ಶಾಲೆಯ ಹಿಂದೆ ಹರಿಯುವ ತೋಡಿನ ನೀರಿಗೆ ಹಂದಿ ಓಡಿಸುವ ಬಿದಿರಿನ ಯಂತ್ರ ಕಟ್ಟಿದ್ದು ಯಾರು ಮಾರಾಯ?"

"ಅದು ಆಟ ಅಲ್ವಾ ಟೀಚರ್? ಮತ್ತೆ, ನನ್ನದು ಬಡಿಯಲೇ ಇಲ್ಲ."

ಕೀಲಿನ ಮೇಲೆ ತೂಗುವ ಬಿದಿರಿನ ಒಂದು ತುದಿಯಲ್ಲಿ ನೀರು ತುಂಬಿ ಅದು ಬಾಗಬೇಕು. ನೀರು ಚೆಲ್ಲಿದೊಡನೆ ಭಾರವಾದ ಇನ್ನೊಂದು ತುದಿ ಮರಳಿ ಬಿದ್ದು ತಗಡಿನ ಡಬ್ಬಕ್ಕೆ ಬಡಿಯಬೇಕು; ಆ ಸದ್ದಿಗೆ ಹಂದಿ ಓಡಬೇಕು.

"ಕೀಲನ್ನು ಸರೀ ನಡುವೆ ಇಟ್ಟರೆ ಎರಡೂ ಕಡೆ ಒಂದೇ ಭಾರ, ಮತ್ತೆ ಬಡಿಯುದು ಹೇಗೆ? ಬಿಚ್ಚಿ ಕಟ್ಟು ಎಂದರೆ ಊಟಕ್ಕೆ ಓಡಿದವನು ನೀನು. ಉಳಿದವರ ಯಂತ್ರಗಳ ಸದ್ದಿಗೆ ಹೆಡ್‌ಮಾಸ್ಟ್ರ ಮಧ್ಯಾಹ್ನದ ನಿದ್ದೆಯೇ ಹಾಳಾಗಿತ್ತು!"

ಸಭೆ ಬಿದ್ದು ಬಿದ್ದು ನಕ್ಕಿತು. "ತಪ್ಪಾಯ್ತು ಟೀಚರ್, ಪ್ರಾಯೋಗಿಕ ಇತ್ತು" ಎಂದು ದಯಾನಂದ ಮೈಕಿನಲ್ಲೇ ತಿದ್ದಿಕೊಂಡ.

ಸಂಜೆ, ಮರ್ಕಂಜದ ತನ್ನ ಗದ್ದೆಯಲ್ಲಿ ಈಚೆಗೆ ಕಟ್ಟಿದ ಅಂಥದೇ ಯಂತ್ರದ ಫೋಟೋ ಕಳಿಸಿ, "ಇದೂ ಬಡಿಯುದಿಲ್ಲ ಟೀಚರ್, ಎಂತ ಮಾಡುದು?" ಎಂದು ಕೇಳಿದ್ದಾನೆ.

ಲಗತ್ತುಗಳು: ಒಂದು, ತಿದ್ದುಪಡಿಯ ವಿಡಿಯೊ. ಎರಡು, ಸದರಿ ಫೋಟೋ. ಕೀಲು ಈಗಲೂ ನಡುವೆಯೇ ಇದೆ.